ಇಳಿತದ ಮೊದಲು ನಮ್ಮ ಬೆಟ್ಟಗಳ ಮೇಲೆ

ಬೆಂಗಳೂರಿನಿಂದ ಹೊರಟು ಮಂಗಳೂರಿಗೆ ಹೋಗುವ ವಿಮಾನವು ಹಾಸನವನ್ನು ಹಿಂದಿಕ್ಕಿ, ಆಲೂರಿನ ಕೆರೆಗದ್ದೆಗಳ ಮೇಲಿಂದ ಸಕಲೇಶಪುರದ ಕಾಫಿತೋಟಗಳ ಕಡೆಗೆ ಸಾಗುತ್ತಿರುವಾಗ, ಕೆಳಗೆ ನಿಂತು ತಲೆಯೆತ್ತಿ ನೋಡುವವನಿಗೆ ಅದು ಇನ್ನೂ ಪ್ರಯಾಣದ ನಡುವಿನಲ್ಲಿರುವಂತೆ ತೋರಿದರೂ, ವಾಸ್ತವವಾಗಿ ಅದರ ಇಳಿತವು ಅಷ್ಟರಲ್ಲಾಗಲೇ ಆರಂಭವಾಗಿರುತ್ತದೆ, ಆಗಿರದಿದ್ದರೆ ಆಗಿರಬೇಕಾಗಿತ್ತು. ವೈಮಾನಿಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಬಾಯಿಲೆಕ್ಕವೊಂದುಂಟು: ಇಳಿಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ಎಣಿಸಿ ಮೂರರಿಂದ ಗುಣಿಸಿದರೆ, ಅದಕ್ಕೆ ಬೇಕಾಗುವ ದೂರವು ನಾಟಿಕಲ್ ಮೈಲಿಗಳಲ್ಲಿ ದೊರೆಯುತ್ತದೆ. 24,000 ಅಡಿ ಎತ್ತರದಲ್ಲಿರುವ ವಿಮಾನಕ್ಕೆ ಈ ಲೆಕ್ಕದಂತೆ 72 ಮೈಲಿ, ಎಂದರೆ ಸುಮಾರು 133 ಕಿಲೋಮೀಟರ್ ಬೇಕು. ಮಂಗಳೂರಿನ ನಿಲ್ದಾಣದಿಂದ ನೇರಗೆರೆಯಲ್ಲಿ ಅಳೆದರೆ ಹಾಸನವು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಸಕಲೇಶಪುರವಾದರೋ ಸುಮಾರು 52 ಮೈಲಿಯಷ್ಟೆ. ಹೀಗಿರುವುದರಿಂದ, ಮಂಗಳೂರಿನ ನಿಲ್ದಾಣವಿರುವ ಬಜಪೆಯ ಗುಡ್ಡದ ನೆತ್ತಿಯ ಮೇಲಿನ ರನ್‌ವೇಯನ್ನು ಚಕ್ರಗಳು ಸರಿಯಾದ ಸ್ಥಳದಲ್ಲಿ ಮುಟ್ಟುವುವೋ ಇಲ್ಲವೋ ಎಂಬುದರ ನಿರ್ಣಯವು ಬಹುಮಟ್ಟಿಗೆ ಕರಾವಳಿಯಲ್ಲಿ ನಡೆಯುವಂಥದಲ್ಲ, ನಮ್ಮ ಈ ಬೆಟ್ಟಗಳ ಮೇಲೆ ನಡೆಯುವಂಥದು ಎಂಬುದು ನಾನಿಲ್ಲಿ ಪ್ರತಿಪಾದಿಸಬೇಕೆಂದಿರುವ ಮಾತು.

ಈ ಮಾತಿಗೆ ಪ್ರೇರಣೆಯಾದುದು ನಿಜವಾದ ವಿಮಾನವಲ್ಲ, ಗಣಕದ ಪರದೆಯ ಮೇಲಿನ ವಿಮಾನ. ಮಲೆನಾಡಿನ ಮನೆಗಳಲ್ಲಿ ಮಳೆಗಾಲವೆಂಬುದು ಹೊರಗಿನ ಕೆಲಸಗಳಿಗೆ ವಿರಾಮ. ತೋಟದ ಮನೆಗಳ ಮಕ್ಕಳು, ಅವರಲ್ಲಿಯೂ ಹಾಸನ ಮಂಗಳೂರುಗಳ ಕಡೆ ಎಂಜಿನಿಯರಿಂಗ್ ಓದುತ್ತಿದ್ದು ರಜೆಗೆಂದು ಮನೆಗೆ ಬಂದವರು, ಈಚೆಗೆ ಫ್ಲೈಟ್ ಸಿಮ್ಯುಲೇಟರಿನ ಮುಂದೆ ಕುಳಿತು ಬೆಂಗಳೂರು-ಮಂಗಳೂರು ಹಾರಾಟವನ್ನು ನಡೆಸುವುದನ್ನು ನೋಡುವ ಅವಕಾಶ ನನಗೆ ಒದಗಿದೆ. ಅವರ ದೂರು ಬಹುತೇಕ ಒಂದೇ ಬಗೆಯದು: ಆಟೋಪೈಲಟ್ ಹಾಕಿದ್ದಾಯಿತು, ಅಪ್ರೋಚ್ ಗುಂಡಿಯನ್ನು ಒತ್ತಿದ್ದಾಯಿತು, ಆದರೂ ವಿಮಾನ ಇಳಿಯಲಿಲ್ಲ, ರನ್‌ವೇಯ ಮೇಲೆ ಸಾವಿರಾರು ಅಡಿ ಎತ್ತರದಲ್ಲಿ ಗಂಭೀರವಾಗಿ ಹಾದು ಸಮುದ್ರದ ಕಡೆಗೆ ಹೊರಟುಹೋಯಿತು. ದೂರಿನ ಬೆನ್ನಿಗೇ ತೀರ್ಪೂ ಬಂದುಬಿಡುತ್ತದೆ, ಸಾಫ್ಟ್‌ವೇರ್ ಕೆಟ್ಟಿದೆ ಎಂದು. ಸಾಫ್ಟ್‌ವೇರ್ ಕೆಡುವುದೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಸ್ವಯಂಚಾಲಿತ ಇಳಿತವೊಂದು ವಿಫಲವಾದಾಗ ಯಂತ್ರವು ತನಗೆ ಹೇಳಿದುದನ್ನೇ ಅಕ್ಷರಶಃ ಮಾಡಿರುವ ಸಂಭವವೇ ಅಧಿಕ. ಏನು ಹೇಳಲಾಯಿತು, ಯಾವಾಗ ಹೇಳಲಾಯಿತು ಎಂಬುದನ್ನು ಹಿಂದಕ್ಕೆ ನಡೆದು ನೋಡುವ ತಾಳ್ಮೆ ನಮಗಿರುವುದಿಲ್ಲ.

ಈ ವಿಷಯದಲ್ಲಿ ಪರಿಚಯವಿಲ್ಲದ ಓದುಗರಿಗಾಗಿ ಯಂತ್ರದ ಸ್ವರೂಪವನ್ನು ಸ್ವಲ್ಪದರಲ್ಲಿ ಹೇಳಬೇಕು. ಇಳಿಯುವ ವಿಮಾನಕ್ಕೆ ದಾರಿ ತೋರಿಸುವುದು ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆ. ಅದರಲ್ಲಿ ಲೋಕಲೈಸರ್ ಎಂಬುದು ರನ್‌ವೇಯ ಮಧ್ಯರೇಖೆಯನ್ನೂ ಗ್ಲೈಡ್ ಸ್ಲೋಪ್ ಎಂಬುದು ಇಳಿಜಾರನ್ನೂ ಸೂಚಿಸುತ್ತವೆ. ಎರಡೂ ತಮ್ಮ ಅಲೆಗಳ ಮೇಲೆ 90 ಹರ್ಟ್ಸ್ ಮತ್ತು 150 ಹರ್ಟ್ಸ್‌ಗಳ ಎರಡು ಸ್ವರಗಳನ್ನು ಹೇರಿ ಕಳುಹಿಸುತ್ತವೆ; ಎರಡು ಸ್ವರಗಳೂ ಸಮವಾಗಿ ಕೇಳಿಸುವ ಸ್ಥಳವೇ ಸರಿಯಾದ ದಾರಿ, ಅದನ್ನು ಹಿಡಿಯೆಂದು ಆಟೋಪೈಲಟ್ಟಿಗೆ ಹೇಳುವುದು ಅಪ್ರೋಚ್ ಗುಂಡಿ. ಇಳಿಜಾರು ಸಾಮಾನ್ಯವಾಗಿ ಮೂರು ಡಿಗ್ರಿ. ಇದು ಎಷ್ಟು ಕಡಿದು ಎಂಬುದನ್ನು ತಿಳಿಯಲು ನಮ್ಮವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟವಿಳಿಯುವ ರೈಲುಹಾದಿಯ ಗರಿಷ್ಠ ಇಳಿಜಾರು ಐವತ್ತಕ್ಕೆ ಒಂದು. ಅಷ್ಟು ಮಾತ್ರದ ಇಳಿಜಾರಿಗಾಗಿಯೇ ಅಲ್ಲಿ ಗಾಡಿಗಳು ವೇಗವನ್ನು ಬಹಳವಾಗಿ ತಗ್ಗಿಸಿ ಸುರಂಗದಿಂದ ಸುರಂಗಕ್ಕೆ ಎಚ್ಚರಿಕೆಯಿಂದ ಸಾಗುತ್ತವೆ. ವಿಮಾನದ ಮೂರು ಡಿಗ್ರಿಯೆಂದರೆ ಹತ್ತೊಂಬತ್ತಕ್ಕೆ ಒಂದು. ಇಳಿಯುತ್ತಲೇ ವೇಗವನ್ನೂ ಕಳೆದುಕೊಳ್ಳಬೇಕೆಂಬುದು ರೈಲಿಗೆ ಹೇಗೋ ಹಾಗೆಯೇ ವಿಮಾನಕ್ಕೂ ಕಠಿನ. ಆದರೆ ರೈಲು ಘಟ್ಟದ ನಡುವಿನ ಯಡಕುಮೇರಿಯಲ್ಲಿ ನಿಲ್ಲಬಲ್ಲುದು, ವಿಮಾನಕ್ಕೆ ನಡುದಾರಿಯಲ್ಲಿ ನಿಲ್ದಾಣವಿಲ್ಲ.

ಪ್ರಯಾಣಿಕರನ್ನು ಹೊತ್ತ ವಿಮಾನವೊಂದು ಮೊದಲ ಬಾರಿಗೆ ಸ್ವಯಂಚಾಲಿತವಾಗಿ ಚಕ್ರವನ್ನು ನೆಲಕ್ಕೆ ಮುಟ್ಟಿಸಿದುದು 1965ನೆಯ ಇಸವಿ ಜೂನ್ 10ರಂದು, ಪ್ಯಾರಿಸ್ಸಿನಿಂದ ಲಂಡನ್ನಿಗೆ ಬಂದ ಟ್ರೈಡೆಂಟ್ ವಿಮಾನದಲ್ಲಿ. ಲಂಡನ್ನಿನ ಮಂಜು ಆ ವಿದ್ಯೆಯ ಜನನಕ್ಕೆ ಕಾರಣ. ನಮ್ಮಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ದಕ್ಷಿಣದ ರನ್‌ವೇಯು ಇಂಥ ಮಂಜಿನ ಇಳಿತಕ್ಕೆ ಬೇಕಾದ ಮೂರನೆಯ ದರ್ಜೆಯ ಸಲಕರಣೆಗಳನ್ನು ಪಡೆದಿದೆ. ಮಂಗಳೂರಿನದು ಮೊದಲನೆಯ ದರ್ಜೆ. ಅಲ್ಲಿ ಯಂತ್ರವು ದಾರಿ ತೋರಿಸುತ್ತದೆಯೇ ಹೊರತು, ನೆಲದಿಂದ ಇನ್ನೂರು ಅಡಿಯ ಸುಮಾರಿಗೆ ರನ್‌ವೇಯು ವೈಮಾನಿಕನ ಕಣ್ಣಿಗೆ ಕಾಣತಕ್ಕದ್ದು, ಮುಂದಿನದು ಅವನ ಕೈಯ ಕೆಲಸ. ಹುಡುಗರು ಪರದೆಯ ಮೇಲೆ ಮಂಗಳೂರಿನಲ್ಲಿ ಪೂರ್ಣ ಸ್ವಯಂಚಾಲಿತ ಇಳಿತವನ್ನು ನಿರೀಕ್ಷಿಸುವುದೇ ಆ ನಿಲ್ದಾಣದ ಸ್ವಭಾವಕ್ಕೆ ಹೊರತಾದುದು. ಅದಕ್ಕೆ ಇನ್ನೊಂದು ಕಾರಣವೂ ಉಂಟು, ಅದನ್ನು ಮುಂದೆ ಹೇಳುವೆನು.

ಈಗ ದೋಷಾನ್ವೇಷಣೆ. ಬೋಯಿಂಗ್ 737 ವಿಮಾನವನ್ನೇ ತೆಗೆದುಕೊಂಡರೆ, ಅದು ತಾನಾಗಿ ನೆಲಕ್ಕಿಳಿಯಬೇಕಾದರೆ ಎರಡು ರೇಡಿಯೋಗಳಲ್ಲಿಯೂ ಒಂದೇ ಐಎಲ್‌ಎಸ್ಸಿನ ಕಂಪನಾಂಕವಿರಬೇಕು, ಎರಡು ಕಡೆಯ ದಿಕ್ಸೂಚನೆಯಲ್ಲಿಯೂ ರನ್‌ವೇಯ ದಿಕ್ಕೇ ಇರಬೇಕು, ಎರಡು ಆಟೋಪೈಲಟ್‌ಗಳೂ ಜೊತೆಯಾಗಿ ಕೆಲಸಕ್ಕೆ ನಿಂತಿರಬೇಕು. ಒಂದೇ ಆಟೋಪೈಲಟ್ ಇದ್ದರೂ ವಿಮಾನವು ಇಳಿಜಾರಿನಲ್ಲಿ ನಿಷ್ಠೆಯಿಂದ ಇಳಿದುಬರುವುದುಂಟು. ಆದರೆ ನೆಲದ ಹತ್ತಿರ ಮೂಗನ್ನು ಎತ್ತಿ ಮೃದುವಾಗಿ ಕೂರುವ ವಿದ್ಯೆ ಅದಕ್ಕಿಲ್ಲ. ಎರಡನ್ನೂ ಜೋಡಿಸಿದ್ದರೂ, ನೆಲದಿಂದ 350 ಅಡಿಯ ಹೊತ್ತಿಗೆ ಆ ‘ಫ್ಲೇರ್’ ಕ್ರಿಯೆಯು ಸಿದ್ಧವಾಗಿದೆಯೆಂಬ ಸೂಚನೆ ಮೂಡದಿದ್ದರೆ ಯಂತ್ರವು ತಾನೇ ಕೈಬಿಡುತ್ತದೆ. ಕೈಬಿಟ್ಟಿತೆಂದು ಹುಡುಗನು ಮೇಜನ್ನು ಗುದ್ದುತ್ತಾನೆ. ಯಂತ್ರದ ದೃಷ್ಟಿಯಿಂದ ನೋಡಿದರೆ ಅದು ಪ್ರಾಮಾಣಿಕತೆಯ ಪರಮಾವಧಿ.

ಮನೆಯ ಸಿಮ್ಯುಲೇಟರಿಗೇ ವಿಶಿಷ್ಟವಾದ ಕೆಲವು ವ್ಯಾಧಿಗಳಿವೆ. ಹಳೆಯ ಜಾಯ್‌ಸ್ಟಿಕ್ಕಿನ ಒಳಗಿನ ಸವೆತದಿಂದಾಗಿ ಯಾರೂ ಮುಟ್ಟದಿದ್ದರೂ ಅದು ಆಗಾಗ ಸಣ್ಣ ಸಂಕೇತವೊಂದನ್ನು ಕಳುಹಿಸುತ್ತಿರುತ್ತದೆ. ವೈಮಾನಿಕನು ನಿಯಂತ್ರಣವನ್ನು ಹಿಡಿದನೆಂದು ತಿಳಿದು ಆಟೋಪೈಲಟ್ ವಿನಯದಿಂದ ಸರಿದುಕೊಳ್ಳುತ್ತದೆ. ಘಟ್ಟದ ಮೇಲಿನ ಹಾರಾಟ ಬೇಸರವೆಂದು ಕಾಲವನ್ನು ನಾಲ್ಕು ಪಟ್ಟು ಓಡಿಸುವ ಅಭ್ಯಾಸವೊಂದುಂಟು. ಆ ಓಟದಲ್ಲಿ ಮಧ್ಯರೇಖೆಯನ್ನು ಹಿಡಿಯಹೊರಟ ಯಂತ್ರವು ಅತ್ತಿಂದಿತ್ತ ತೂಗಾಡಿ ದಾರಿ ತಪ್ಪುತ್ತದೆ. ನಕ್ಷೆಯ ಹಳಮೆ ಇನ್ನೊಂದು. ನಿಜವಾದ ವಿಮಾನಗಳ ಮಾರ್ಗದತ್ತಾಂಶವು 28 ದಿನಗಳಿಗೊಮ್ಮೆ ಪರಿಷ್ಕೃತವಾಗುತ್ತದೆ. ಮನೆಯ ಗಣಕದಲ್ಲಿ ವರ್ಷಗಟ್ಟಲೆ ಅದೇ ಇರುತ್ತದೆ. ಮಂಗಳೂರಿನ ಇಂದಿನ ಮುಖ್ಯ ರನ್‌ವೇ ಬಳಕೆಗೆ ಬಂದುದು 2006ರಲ್ಲಿ. ಅದಕ್ಕೆ ಮೊದಲು ಇದ್ದುದು 1951ರಲ್ಲಿ ಆರಂಭವಾದ, ಬೇರೆ ದಿಕ್ಕಿನ, ಬಹಳ ಗಿಡ್ಡದಾದ ಪಟ್ಟಿ. ಹಳೆಯ ನಕ್ಷೆಯಲ್ಲಿ ಹೊಸ ರನ್‌ವೇಯನ್ನು ಹುಡುಕುವವನಿಗೆ ಸಿಕ್ಕುವುದು ಮೌನ ಮಾತ್ರ. ಬೆಂಗಳೂರಿನ ವಿಷಯವೂ ಹೀಗೆಯೇ: 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದುವೆಂಬುದನ್ನು ಅರಿಯದ ನಕ್ಷೆಗಳು ಇನ್ನೂ ಬಳಕೆಯಲ್ಲಿವೆ.

ಇವೆಲ್ಲ ಬಿಡಿ ದೋಷಗಳು; ತಿದ್ದಿದರೆ ತೀರಿತು. ಇವುಗಳನ್ನೆಲ್ಲ ತಿದ್ದಿದ ಮೇಲೆಯೂ ವಿಮಾನವು ಇಳಿಯದಿದ್ದಾಗ ಉಳಿಯುವ ದೋಷವೊಂದಿದೆ. ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯವಾದುದು, ಏಕೆಂದರೆ ಅದು ಗುಂಡಿಯಲ್ಲಿಲ್ಲ, ಭೂಗೋಳದಲ್ಲಿದೆ.

ಪೂರ್ವದಿಂದ ಬರುವ ವಿಮಾನವು ಮಂಗಳೂರಿನಲ್ಲಿ 24 ಎಂಬ ದಿಕ್ಕಿನ ಅಂಕಿಯುಳ್ಳ ರನ್‌ವೇಯಲ್ಲಿ ಇಳಿಯಬೇಕಾದರೆ ಈಶಾನ್ಯ ದಿಕ್ಕಿನಿಂದ ಸಮೀಪಿಸಬೇಕು. ಆ ದಿಕ್ಕಿನಲ್ಲಿ, ನಿಲ್ದಾಣದಿಂದ ಸುಮಾರು 24 ನಾಟಿಕಲ್ ಮೈಲಿ ದೂರದಲ್ಲಿ, 6,200 ಅಡಿಯಷ್ಟು ಎತ್ತರದ ಕುದುರೆಮುಖ ಶಿಖರವಿದೆ. ಅದರಿಂದ ದಕ್ಷಿಣಕ್ಕೆ ಬಿಸಿಲೆ, ಪುಷ್ಪಗಿರಿಗಳವರೆಗೆ ಘಟ್ಟದ ಗೋಡೆ ಹಬ್ಬಿದೆ. ಸುರಕ್ಷಿತ ಅಂತರವನ್ನು ಕಾಯ್ದುಕೊಂಡು ಆ ಗೋಡೆಯನ್ನು ದಾಟುವ ತನಕ ಯಾರೂ ಮನಸ್ಸಿಗೆ ಬಂದಂತೆ ಕೆಳಗಿಳಿಯುವಂತಿಲ್ಲ. ದಾಟಿದ ಮೇಲೆ ನೆಲವು ಒಮ್ಮೆಗೇ ಸಮುದ್ರಮಟ್ಟಕ್ಕೆ ಜಾರುತ್ತದೆ, ಉಳಿಯುವ ದೂರವೋ ಅಲ್ಪ. ಗ್ಲೈಡ್ ಸ್ಲೋಪನ್ನು ಯಾವಾಗಲೂ ಕೆಳಗಿನಿಂದ ಸಂಧಿಸಬೇಕೆಂಬುದು ನಿಯಮ: ಸಮಮಟ್ಟದಲ್ಲಿ ಹಾರುತ್ತಿರುವ ವಿಮಾನದ ಮೇಲ್ಗಡೆಯಿಂದ ಇಳಿಜಾರು ಬಂದು ಕೂಡಬೇಕು, ಆಗ ಯಂತ್ರವು ಅದನ್ನು ಹಿಡಿಯುತ್ತದೆ. ಎತ್ತರ ಉಳಿದುಹೋಗಿದ್ದರೆ ಇಳಿಜಾರು ವಿಮಾನದ ಹೊಟ್ಟೆಯ ಕೆಳಗೆ ಎಲ್ಲಿಯೋ ಹಾದುಹೋಗುತ್ತದೆ; ಅಪ್ರೋಚ್ ಗುಂಡಿಯ ದೀಪ ಉರಿಯುತ್ತಲೇ ಇರುತ್ತದೆ, ಹಿಡಿಯಲು ಮಾತ್ರ ಏನೂ ಸಿಕ್ಕುವುದಿಲ್ಲ. ಇದಕ್ಕಿಂತಲೂ ಅಪಾಯಕರವಾದುದು ಹುಸಿ ಇಳಿಜಾರು. ಗ್ಲೈಡ್ ಸ್ಲೋಪಿನ ಆಂಟೆನಾ ಬೀರುವ ಅಲೆಗಳಲ್ಲಿ ನಿಜವಾದ ಮೂರು ಡಿಗ್ರಿಯ ದಾರಿಯಲ್ಲದೆ, ಅದರ ಗುಣಕಗಳಾದ ಹೆಚ್ಚಿನ ಕೋನಗಳಲ್ಲಿಯೂ, ಒಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ವಿಶೇಷವಾಗಿ, ದಾರಿಯಂತೆ ತೋರುವ ಆಭಾಸಗಳು ಹುಟ್ಟುತ್ತವೆ. ಮೇಲಿನಿಂದ ಬಂದವನ ಸೂಚಕದ ಮುಳ್ಳು ಅಲ್ಲಿ ಮಧ್ಯಕ್ಕೆ ಬಂದು ಎಲ್ಲವೂ ಕ್ಷೇಮವೆಂದು ಸಾರಬಹುದು. ದೂರವನ್ನೂ ಎತ್ತರವನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಮೈಲಿಗೆ ಮುನ್ನೂರು ಅಡಿಯ ಬಾಯಿಲೆಕ್ಕವನ್ನು ಮಾಡಿದವನಿಗೆ ಮಾತ್ರ ಆ ಮುಳ್ಳಿನ ಸುಳ್ಳು ತಿಳಿಯುತ್ತದೆ.

ಇನ್ನು, ಮುಂದೆ ಹೇಳುವೆನೆಂದ ಕಾರಣ. ಸ್ವಯಂಚಾಲಿತ ಇಳಿತದ ಕೊನೆಯ ನೂರಾರು ಅಡಿಗಳಲ್ಲಿ ಯಂತ್ರವು ನಂಬುವುದು ರೇಡಿಯೋ ಆಲ್ಟಿಮೀಟರನ್ನು, ಎಂದರೆ ವಿಮಾನದ ನೇರ ಕೆಳಗಿರುವ ನೆಲಕ್ಕೆ ಅಲೆಯನ್ನು ಕಳುಹಿಸಿ ಮರಳಿ ಪಡೆದು ಎತ್ತರವನ್ನು ಅಳೆಯುವ ಸಾಧನವನ್ನು. ಸಮತಟ್ಟಾದ ಬಯಲಿನಲ್ಲಿ ಅದರ ಅಂಕಿಗಳು ಕ್ರಮವಾಗಿ ಇಳಿಯುತ್ತ ಬರುತ್ತವೆ. ಮಂಗಳೂರಿನಂಥ ಟೇಬಲ್‌ಟಾಪ್ ನಿಲ್ದಾಣದಲ್ಲಿಯಾದರೋ ರನ್‌ವೇಯ ಅಂಚಿನ ಮುಂದೆಯೇ ಕಣಿವೆಯಿದೆ. ಅಲ್ಲಿ ಅಂಕಿ ಒಮ್ಮೆ ಹಿಗ್ಗಿ, ಗುಡ್ಡದ ಅಂಚು ಬಂದೊಡನೆ ಹಠಾತ್ತನೆ ಕುಗ್ಗುತ್ತದೆ. ಮೂಗನ್ನು ಯಾವಾಗ ಎತ್ತಬೇಕೆಂಬುದನ್ನು ಆ ಅಂಕಿಯಿಂದಲೇ ನಿರ್ಧರಿಸುವ ಯಂತ್ರದ ಗತಿಯೇನು? ಆದುದರಿಂದಲೇ ಸ್ವಯಂಚಾಲಿತ ಇಳಿತಕ್ಕೆ ರನ್‌ವೇಯನ್ನು ಅನುಮೋದಿಸುವ ಮುನ್ನ ಅದರ ಮುಂದಿನ ನೆಲವನ್ನು ಅಳೆದು ಪರೀಕ್ಷಿಸುವ ಪದ್ಧತಿಯಿದೆ. ಭೂಪ್ರದೇಶವನ್ನು ನಿಷ್ಠೆಯಿಂದ ಚಿತ್ರಿಸುವ ಈಚಿನ ಸಿಮ್ಯುಲೇಟರುಗಳಲ್ಲಿ ಬಜಪೆಯ ಕಣಿವೆಯೂ ಇರುವುದರಿಂದ, ಮಂಗಳೂರಿನಲ್ಲಿ ಯಂತ್ರವು ತಾನಾಗಿ ಇಳಿಯಹೋಗಿ ಒರಟಾಗಿ ಬಿದ್ದಿತೆಂದರೆ, ಸಿಮ್ಯುಲೇಟರು ಕೆಟ್ಟಿತೆಂದು ಭಾವಿಸದೆ ಅದು ಸರಿಯಾಗಿಯೇ ಇದೆಯೆಂದು ಸಂತೋಷಪಡುವುದು ನ್ಯಾಯ.

ಪರದೆಯ ಮೇಲಿನ ಈ ಮಾತುಗಳೆಲ್ಲ ಪರದೆಗೆ ಮಾತ್ರ ಸೇರಿದುವಾಗಿದ್ದರೆ ಸಾರ್ವಜನಿಕ ಪತ್ರಿಕೆಯಲ್ಲಿ ಇಷ್ಟು ಸ್ಥಳವನ್ನು ಬೇಡುವ ಅಧಿಕಾರ ನನಗಿರುತ್ತಿರಲಿಲ್ಲ. 2010ನೆಯ ಇಸವಿ ಮೇ 22ರ ಬೆಳಗಿನ ಜಾವ, ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ 737 ವಿಮಾನವು ಇದೇ 24 ಅಂಕಿಯ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತರಾದರು. ಅಂದಿನಿಂದ ಇಂದಿನವರೆಗೆ ಆ ದುರಂತವನ್ನು ಕುರಿತು ನಾವು ಆಡಿಕೊಂಡಿರುವ ಮಾತೆಲ್ಲ ಕೊನೆಯ ಅರ್ಧ ನಿಮಿಷದ ಮಾತು: ರನ್‌ವೇ ಚಿಕ್ಕದು, ಗುಡ್ಡದ ಮೇಲಿದೆ, ಕ್ಯಾಪ್ಟನ್ನನು ವಿದೇಶಿ. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ಅಧ್ಯಕ್ಷತೆಯ ತನಿಖಾ ನ್ಯಾಯಾಲಯವು ಕಂಡುಕೊಂಡುದಾದರೋ ಇನ್ನೂ ಮೇಲಿನ ಸಂಗತಿ. ಮಂಗಳೂರಿನ ರೇಡಾರು ಮೇ 20ರಿಂದ ಕೆಟ್ಟಿದ್ದುದರಿಂದ ವಿಮಾನಕ್ಕೆ ಇಳಿತವನ್ನು ಆರಂಭಿಸುವ ಅನುಮತಿ ಸಾಮಾನ್ಯಕ್ಕಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ ದೊರೆಯಿತು. ತಡವಾಯಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಇಳಿತವನ್ನು ಪುನಃ ಯೋಜಿಸುವ ಕೆಲಸವು ವಿಮಾನದೊಳಗೆ ಆಗಲಿಲ್ಲ. ಕ್ಯಾಪ್ಟನ್ನನು ಹಾರಾಟದ ಬಹುಭಾಗವನ್ನು ನಿದ್ರೆಯಲ್ಲಿ ಕಳೆದಿದ್ದನು. ಎಚ್ಚೆತ್ತ ಮೇಲೆಯೂ ನಿದ್ರೆಯ ಜಾಡ್ಯ ಉಳಿದಿದ್ದಿತೆಂದು ವರದಿ ಊಹಿಸುತ್ತದೆ. ವಿಮಾನವು ರನ್‌ವೇಯ ಕಡೆಗೆ ತಿರುಗಿ ನಿಂತಾಗ ಇರಬೇಕಾದ ಎತ್ತರದ ಸುಮಾರು ಇಮ್ಮಡಿ ಎತ್ತರದಲ್ಲಿತ್ತು.

ಆಗ ನಡೆದುದು ಸಿಮ್ಯುಲೇಟರಿನ ಮುಂದೆ ಪ್ರತಿದಿನ ನಡೆಯುವಂಥದೇ. ಆಟೋಪೈಲಟನ್ನು ಕಳಚಿ, ಮೂಗನ್ನು ಕೆಳಕ್ಕೆ ನೂಕಿ, ನಿಮಿಷಕ್ಕೆ ಸುಮಾರು 4,000 ಅಡಿಯ ದರದಲ್ಲಿ ವಿಮಾನವನ್ನು ಇಳಿಸಲಾಯಿತು. ಸಾಮಾನ್ಯವಾದ ದರ 700 ಅಡಿಯ ಆಸುಪಾಸಿನದು. ಭೂಸಾಮೀಪ್ಯದ ಎಚ್ಚರಿಕೆಯ ಯಂತ್ರ ಕೂಗುತ್ತಿತ್ತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ, ವೈಮಾನಿಕರ ಮಾತಿನಲ್ಲಿ ‘ಗೋ ಅರೌಂಡ್’ ಎಂದು ಸಹವೈಮಾನಿಕನು ಮೂರು ಬಾರಿ ಹೇಳಿದನು. ಹೇಳಿದನೇ ಹೊರತು ನಿಯಂತ್ರಣವನ್ನು ತಾನೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲಿಯೇ ಅಸ್ಪಷ್ಟತೆಯಿದ್ದಿತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದುವು. ಅಸ್ಥಿರವಾದ ಇಳಿತವನ್ನು ಕೈಬಿಡದೆ ಹೋದುದೇ ದುರಂತದ ನೇರ ಕಾರಣವೆಂದು ನ್ಯಾಯಾಲಯವು ಹೇಳಿದುದು ಸರಿಯೇ. ಆದರೆ ಇಳಿತವು ಅಸ್ಥಿರವಾದುದು ರನ್‌ವೇಯ ಮುಂದೆಯಲ್ಲ. ಹತ್ತಾರು ಮೈಲಿಗಳ ಹಿಂದೆ, ಕೆಳಗಿಳಿಯಬೇಕಾದ ಹೊತ್ತಿನಲ್ಲಿ ಕೆಳಗಿಳಿಯದೆ ಉಳಿದಾಗ.

ಕರ್ನಾಟಕದಲ್ಲಿ ಇದಕ್ಕೆ ಇಪ್ಪತ್ತು ವರ್ಷ ಮೊದಲು ನಡೆದ ಇನ್ನೊಂದು ದುರಂತದಲ್ಲಿ ಯಂತ್ರಕ್ಕೆ ಏನನ್ನು ಹೇಳಲಾಯಿತು ಎಂಬ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ320 ವಿಮಾನವು ಬೆಂಗಳೂರಿನ ಎಚ್‌ಎಎಲ್ ರನ್‌ವೇಯನ್ನು ತಲಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿತು. 146 ಮಂದಿಯಲ್ಲಿ 92 ಮಂದಿ ಅಳಿದರು. ಆ ಕಾಲಕ್ಕೆ ಅದು ಜಗತ್ತಿನ ಅತ್ಯಂತ ನೂತನ ಮಾದರಿಗಳಲ್ಲೊಂದರ ವಿಮಾನ. ಸೇವೆಗೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅದರ ಎಂಜಿನ್ನುಗಳಲ್ಲಿ ದೋಷವಿರಲಿಲ್ಲ. ಆದರೂ ನೆಲವು ಸಮೀಪಿಸುತ್ತಿರುವಾಗ ಅವು ಕನಿಷ್ಠ ಶಕ್ತಿಯಲ್ಲಿ ಸುಮ್ಮನಿದ್ದುವು, ವೇಗವು 132 ನಾಟ್ ಇರಬೇಕಾದಲ್ಲಿ 106ರವರೆಗೆ ಕುಸಿಯಿತು. ಕಾರಣವೆಂದರೆ ವಿಮಾನವು ‘ಓಪನ್ ಡಿಸೆಂಟ್’ ಎಂಬ ಕ್ರಮದಲ್ಲಿದ್ದಿತು. ಆ ಕ್ರಮದಲ್ಲಿ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿಯೇ ಇದ್ದು, ಆಜ್ಞಾಪಿಸಿದ ಎತ್ತರವನ್ನು ಮುಟ್ಟುವ ತನಕ ವಿಮಾನವು ಇಳಿಯುತ್ತಲೇ ಹೋಗುತ್ತದೆ. ಈ ಕ್ರಮದಲ್ಲಿ ಅದು ಹೇಗೆ ಸಿಕ್ಕಿತೆಂಬುದಕ್ಕೆ ತನಿಖೆಯಲ್ಲಿ ಮುಂದಿಡಲಾದ ಸಂಭಾವ್ಯ ವಿವರಣೆಯೊಂದುಂಟು: ನಿಮಿಷಕ್ಕೆ 700 ಅಡಿಯ ಇಳಿತವನ್ನು ಕೇಳಬೇಕೆಂದಿದ್ದ ಕೈ, ಪಕ್ಕದಲ್ಲಿಯೇ ಇದ್ದ ಇನ್ನೊಂದು ತಿರುಪನ್ನು ಹಿಡಿದು 700 ಅಡಿಯ ಎತ್ತರವನ್ನು ಕೇಳಿರಬಹುದು.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಎತ್ತರವೆಂಬುದನ್ನು ಅಳೆಯುವುದು ಸಮುದ್ರಮಟ್ಟದಿಂದ; ಬೆಂಗಳೂರಿನ ನೆಲವೇ ಅಲ್ಲಿಂದ ಸುಮಾರು 2,900 ಅಡಿ ಮೇಲಿದೆ, ಸಕಲೇಶಪುರದ ಪೇಟೆಯೂ ಸುಮಾರಾಗಿ ಅಷ್ಟೇ ಎತ್ತರದ್ದು. ಬೆಂಗಳೂರಿನಲ್ಲಿ 700 ಅಡಿ ಎತ್ತರವನ್ನು ಕೇಳುವುದೆಂದರೆ ಗಾಲ್ಫ್ ಮೈದಾನದ ಹುಲ್ಲಿನ ಕೆಳಗೆ ಎರಡು ಸಾವಿರ ಅಡಿಗೂ ಆಳವಾದ ಬಂಡೆಯೊಳಕ್ಕೆ ಇಳಿಯೆಂದು ಹೇಳಿದಂತೆ. ಯಂತ್ರವು ‘ಇದು ಹೇಗೆ ಸಾಧ್ಯ’ ಎಂದು ಕೇಳಲಿಲ್ಲ. ಕೇಳುವಂತೆ ಅದನ್ನು ರಚಿಸಿರಲಿಲ್ಲ. ಮಾರ್ಗಸೂಚಕಗಳಾದ ಎರಡು ಫ್ಲೈಟ್ ಡೈರೆಕ್ಟರುಗಳನ್ನೂ ಆರಿಸಿದ್ದರೆ ಎಂಜಿನ್ನುಗಳು ತಾವಾಗಿ ವೇಗವನ್ನು ಕಾಪಾಡುವ ಕ್ರಮಕ್ಕೆ ಮರಳುತ್ತಿದ್ದುವು. ಆರಿದುದು ಒಂದು ಮಾತ್ರ. ತನಿಖೆಯು ಹೊಣೆಯನ್ನು ಮುಖ್ಯವಾಗಿ ವೈಮಾನಿಕರ ಮೇಲೆ ಹೊರಿಸಿತು. ಭಿನ್ನಾರ್ಥದ ಎರಡು ತಿರುಪುಗಳನ್ನು ಒಂದರ ಬಳಿಯಲ್ಲಿ ಒಂದನ್ನಿರಿಸಿ, ಅಸಂಭಾವ್ಯವಾದ ಆಜ್ಞೆಯನ್ನೂ ಮರುಮಾತಿಲ್ಲದೆ ಸ್ವೀಕರಿಸುವಂತೆ ಯಂತ್ರವನ್ನು ಕಟ್ಟಿದವರಿಗೂ ಅದರಲ್ಲಿ ಪಾಲಿಲ್ಲವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೇಳಿದುದನ್ನೇ ಮಾಡಿತು ಎಂಬುದು ಯಂತ್ರಕ್ಕೆ ಸಮರ್ಥನೆಯಾಗಬಹುದು, ಯಂತ್ರಶಿಲ್ಪಿಗೆ ಆಗಲಾರದು.

ಇಷ್ಟನ್ನು ಹೇಳಿ ಮತ್ತೆ ನಮ್ಮ ಹುಡುಗರ ಕಡೆಗೆ ಬಂದರೆ, ಸಿಮ್ಯುಲೇಟರನ್ನು ಆಟವೆಂದು ತಳ್ಳಿಹಾಕುವ ಹಿರಿಯರ ಪಕ್ಷವನ್ನು ನಾನು ಹಿಡಿಯಲಾರೆ. 1929ರಲ್ಲಿ ಎಡ್ವಿನ್ ಲಿಂಕ್ ಎಂಬಾತನು ಅಮೆರಿಕೆಯಲ್ಲಿ ಕಟ್ಟಿದ ಮೊದಲ ಅಭ್ಯಾಸಯಂತ್ರವನ್ನೂ ಜನರು ಮೊದಮೊದಲು ಜಾತ್ರೆಯ ವಿನೋದವೆಂದೇ ಬಗೆದರು. ಮುಂದಿನ ಮಹಾಯುದ್ಧದಲ್ಲಿ ಲಕ್ಷಾಂತರ ವೈಮಾನಿಕರು ಅದರಲ್ಲಿ ಕುಳಿತೇ ಕಲಿತರು. ನನ್ನ ಆಕ್ಷೇಪಣೆ ಬೇರೆ. ಇಂದಿನ ಸಿಮ್ಯುಲೇಟರುಗಳು ಅಭ್ಯಾಸಿಗೆ ಒಂದು ಸೌಕರ್ಯವನ್ನು ಒದಗಿಸುತ್ತವೆ: ಹಾರಾಟವನ್ನು ಮೊದಲಿನಿಂದ ನಡೆಸಬೇಕಾಗಿಲ್ಲ, ರನ್‌ವೇಯಿಂದ ಹತ್ತು ಮೈಲಿ ಮುಂಚೆ, ಸರಿಯಾದ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ವಿಮಾನವನ್ನು ಇರಿಸಿ ಆರಂಭಿಸಬಹುದು. ಇಳಿತ ಕೆಟ್ಟರೆ ಮತ್ತೆ ಅದೇ ಹತ್ತು ಮೈಲಿಗೆ ಮರಳಬಹುದು. ನಮ್ಮ ತರುಣರು ದೋಷವನ್ನು ಹುಡುಕುವುದೆಲ್ಲ ಈ ಹತ್ತು ಮೈಲಿಯೊಳಗೆ. ಮಂಗಳೂರಿನ ದುರಂತಕ್ಕೆ ಬೀಜವಾದ ಸಂಗತಿಗಳಲ್ಲಿ ಬಹುಪಾಲು ಆ ಹತ್ತು ಮೈಲಿಯ ಹೊರಗೆ ನಡೆದುವೆಂಬುದನ್ನು ನೆನೆದರೆ, ಈ ಸೌಕರ್ಯವು ಕಲಿಯಬೇಕಾದ ಮುಖ್ಯ ಪಾಠವನ್ನೇ ಕತ್ತರಿಸಿಹಾಕಿ ಉಳಿದುದನ್ನು ಕಲಿಸುತ್ತದೆಯೆಂಬುದು ಸ್ಪಷ್ಟವಾಗುತ್ತದೆ. ನಮ್ಮ ವೃತ್ತಪತ್ರಿಕೆಗಳೂ ಅಪಘಾತದ ಮರುದಿನ ಇದೇ ಹತ್ತು ಮೈಲಿಯ ಚಿತ್ರವನ್ನು ಬರೆದು ಬಾಣದ ಗುರುತು ಹಾಕಿ ತೃಪ್ತವಾಗುತ್ತವೆ.

ಈ ವಿಷಯದಲ್ಲಿ ಹಾಸನ ಜಿಲ್ಲೆಗೆ ವಿಶೇಷವಾದ ಅಧಿಕಾರವುಂಟೆಂದು ನಾನು ತಿಳಿದಿದ್ದೇನೆ. ಇಸ್ರೋ ಸಂಸ್ಥೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿದ್ದು, ದೇಶದ ಭೂಸ್ಥಿರ ಉಪಗ್ರಹಗಳ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದೆ. ಅವುಗಳ ಪೈಕಿ ಜಿಸ್ಯಾಟ್-8, ಜಿಸ್ಯಾಟ್-10 ಮತ್ತು ಜಿಸ್ಯಾಟ್-15 ಉಪಗ್ರಹಗಳು ‘ಗಗನ್’ ಎಂಬ ಸೇವೆಯ ಸಂಕೇತಗಳನ್ನು ಹೊತ್ತಿವೆ. ಜಿಪಿಎಸ್ಸಿನ ಸ್ಥಾನನಿರ್ಣಯದಲ್ಲಿರುವ ತಪ್ಪುಗಳನ್ನು ತಿದ್ದಿ, ಐಎಲ್‌ಎಸ್ ಇಲ್ಲದ ನಿಲ್ದಾಣದಲ್ಲಿಯೂ ವಿಮಾನಕ್ಕೆ ಇಳಿಜಾರನ್ನು ತೋರಿಸುವುದು ಅದರ ಕೆಲಸ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎಟಿಆರ್ ವಿಮಾನವೊಂದು ಇದರ ನೆರವಿನಿಂದ ಇಳಿಯಿತು. ಉಪಗ್ರಹದ ಇಳಿಜಾರಿಗೆ ನೆಲದ ಆಂಟೆನಾ ಇಲ್ಲವಾದುದರಿಂದ ಒಂಬತ್ತು ಡಿಗ್ರಿಯ ಹುಸಿದಾರಿಯೂ ಇಲ್ಲ. ಎತ್ತರ ಉಳಿದುಹೋಗುವ ತಪ್ಪು ಮಾತ್ರ ಅದರಿಂದ ತೀರುವುದಿಲ್ಲ. ಹಾಸನದಿಂದ ನೋಡಿಕೊಳ್ಳುವ ಉಪಗ್ರಹವು ಹಾಸನದ ಮೇಲೆ ಹಾರುತ್ತಿರುವವನಿಗೆ ಈಗ ಇಳಿಯೆಂದು ಹೇಳುವುದಿಲ್ಲ. ಆ ಹೊತ್ತನ್ನು ಅರಿಯುವುದು ಮನುಷ್ಯನ ಕೆಲಸವಾಗಿಯೇ ಉಳಿದಿದೆ.

ಬೂವನಹಳ್ಳಿಯಲ್ಲಿ ವಿಮಾನನಿಲ್ದಾಣವೊಂದನ್ನು ಕಟ್ಟುವ ಕನಸು ಜಿಲ್ಲೆಯಲ್ಲಿ ಬಹುಕಾಲದಿಂದ ಇದೆ. ಅದು ಪೂರ್ಣವಾಗುವ ತನಕ ಕಾಯದೆ ಮಾಡಬಹುದಾದ ಕೆಲಸವೊಂದನ್ನು ಹಾಸನದ ಎಂಜಿನಿಯರಿಂಗ್ ಕಾಲೇಜುಗಳ ಮುಂದಿಡುತ್ತೇನೆ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರು ಯಾರಿಗೂ ಉಚಿತವಾಗಿ ಲಭ್ಯವಿದೆ. ಅದರ ಒಳಗಣ ಬರವಣಿಗೆಯನ್ನು ತೆರೆದು ಓದಲೂ ತಿದ್ದಲೂ ಅನುಮತಿಯಿದೆ. ಅದರಲ್ಲಿ ವಿಮಾನವನ್ನು ಹಾಸನದ ಮೇಲೆ 24,000 ಅಡಿಯಲ್ಲಿ ಇರಿಸಿ, ವಿದ್ಯಾರ್ಥಿಗೆ ಸಕಲೇಶಪುರವನ್ನು ದಾಟುವ ತನಕ ಇಳಿಯುವ ಅನುಮತಿಯನ್ನು ಕೊಡಬಾರದು. ಅಂದು ರೇಡಾರು ಇಲ್ಲವೆಂದು ಭಾವಿಸತಕ್ಕದ್ದು. ದೊರೆತ 52 ಮೈಲಿಯಲ್ಲಿ, ಬಾಯಿಲೆಕ್ಕದಂತೆ, ಹದಿನೇಳು ಸಾವಿರ ಅಡಿಯನ್ನು ಮಾತ್ರ ಸುಖವಾಗಿ ಕಳೆಯಬಹುದು. ಉಳಿದ ಏಳು ಸಾವಿರವನ್ನು ಅವನು ಏನು ಮಾಡುತ್ತಾನೆಂದು ನೋಡಬೇಕು. ಮೂಗನ್ನು ನೂಕಿ ಹೇಗಾದರೂ ರನ್‌ವೇಯನ್ನು ಮುಟ್ಟಿಸುವವನಿಗೆ ಸೊನ್ನೆ. ಘಟ್ಟದ ಆಚೆ ಒಂದೆರಡು ಸುತ್ತು ಹಾರಿ ಎತ್ತರ ಕಳೆಯಲು ಅನುಮತಿ ಬೇಡುವವನಿಗೂ, ಬಜಪೆಯ ಮೇಲೆ ಹಾದುಹೋಗಿ ಸಮುದ್ರದ ಕಡೆಯಿಂದ ಸುತ್ತಿ ಬರುವವನಿಗೂ ಪೂರ್ಣಾಂಕ. ಅಪ್ರೋಚ್ ಗುಂಡಿಯನ್ನು ಒತ್ತಿದರೋ ಇಲ್ಲವೋ ಎಂಬುದನ್ನು ಪರೀಕ್ಷಕರು ಕೇಳಲೇಬೇಕಾಗಿಲ್ಲ. ಈ ಪರೀಕ್ಷೆಯನ್ನು ಆರಿದ್ರೆ ಮಳೆಗೆ ಮುಂಚೆ ಇಟ್ಟುಕೊಂಡರೆ ಲೇಸು. ಅದು ಹಿಡಿದ ಮೇಲೆ, ಬೆಂಗಳೂರಿನಿಂದ ಮಂಗಳೂರಿಗೆ ಹಾರಲು ಬೇಕಾಗುವ ಮುಕ್ಕಾಲು ಗಂಟೆಯ ಕಾಲವೂ ನಮ್ಮ ಕಡೆ ವಿದ್ಯುತ್ತು ಉಳಿಯುವ ಭರವಸೆಯಿರುವುದಿಲ್ಲ.